ಆರನೆಯ ಗ್ರಹ ಮತ್ತು ಟಗರು

ಮಂಡ್ಯ
ಶುಕ್ರವಾರ, 14 ನವೆಂಬರ್ 2025

ಅಪ್ಪನಿಗೆ ನಮಸ್ಕಾರ.

ಕಾಲೇಜಿನ ಲ್ಯಾಬಿನಲ್ಲಿ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಆಗಲಿಲ್ಲ. ನಾಳೆ ಬಂಡೂರಿಗೆ ಬರುವ ದೇವರಾಜಣ್ಣನ ಕೈಲಿ ಇದನ್ನು ಕಳಿಸುತ್ತೇನೆ.

ಸೂರ್ಯನಂಥದೇ ಒಂದು ದೂರದ ನಕ್ಷತ್ರಕ್ಕೆ ಐದು ಗ್ರಹಗಳಿರುವುದು ಮೊದಲೇ ಗೊತ್ತಿತ್ತು. ಆರನೆಯದನ್ನು ನಾನು ಕಂಡುಹಿಡಿದೆ ಎಂದು ನೀನು ಊರಿಗೆಲ್ಲ ಹೇಳಿದ್ದೀಯ. ಅದು ಇಲ್ಲ ಅಪ್ಪ. ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಕೊಂಚ ಕುಗ್ಗುತ್ತದೆ; ನಾವು ಎಣಿಸುವುದು ಅದನ್ನೇ. ಮೂರನೆಯ ಗ್ರಹವೇ ಮತ್ತೆ ಅಡ್ಡ ಬಂದದ್ದನ್ನು ನಾನು ಬೇರೆಯದೆಂದು ಎಣಿಸಿಬಿಟ್ಟೆ.

ಚಿಕ್ಕವಳಿದ್ದಾಗ ಸಂಜೆ ಕೊಟ್ಟಿಗೆಯೊಳಗೆ ಕೂತು, ಬಾಗಿಲ ಬೆಳಕಿಗೆ ಕುರಿ ಅಡ್ಡ ಬಂದಾಗಲೆಲ್ಲ ಲೆಕ್ಕಕ್ಕೆ ಒಂದು ಹುಣಸೆಬೀಜ ಹಾಕುತ್ತಿದ್ದೆ. ಒಂದು ದಿನ ಬೀಜ ಹೆಚ್ಚಾದಾಗ ನೀನು ನಕ್ಕಿದ್ದೆ: “ಈಚ್ಗೋಗಿ ತಿರ್ಗ ಬಂದದೆ ಕಣಮ್ಮಿ ಅದೇ ಕುರಿ. ನೀನು ಬೀಜ ಆಕುದ್ರೆ ಕುರಿ ಉಟ್ಬುಡ್ತದಾ?”

ಆರನೆಯದು ಇಲ್ಲದಿದ್ದರೆ ನನ್ನ ನಾಲ್ಕು ವರ್ಷದ ಪಿಎಚ್‌ಡಿ ಪ್ರಬಂಧದಲ್ಲಿ ಹೊಸತೇನೂ ಉಳಿಯುವುದಿಲ್ಲ. ಗೈಡ್ ವನಜಾ ಮೇಡಂಗೆ ಇದಿನ್ನೂ ತಿಳಿದಿಲ್ಲ. ನಾನು ಸುಮ್ಮನಿದ್ದರೆ ಬಹುಶಃ ಯಾರಿಗೂ ತಿಳಿಯುವುದಿಲ್ಲ. ತುಂಬ ದಣಿದಿದ್ದೇನೆ.

ಆ ಗ್ರಹದ ಖುಷಿಗೆ ಭಾನುವಾರ ಇಟ್ಟುಕೊಂಡ ಬಾಡೂಟಕ್ಕೆಂದು ಕಟ್ಟಿರುವ ಟಗರನ್ನು ಬಿಚ್ಚಿ ಮಂದೆಗೆ ಬಿಡು. ಯಾರಾದರೂ ಕೇಳಿದರೆ ಮಗಳು ಲೆಕ್ಕ ತಪ್ಪಿದಳು ಎಂದೇ ಹೇಳು. ಅವ್ವನಿಗೆ ನಾನೇ ಬಂದು ಹೇಳುತ್ತೇನೆ.

ಸೋಮವಾರ ಮೇಡಂ ಬರುತ್ತಾರೆ. ಆ ಒಂದು ಬೀಜವನ್ನು ಅವರ ಮುಂದೆಯೇ ತೆಗೆದುಹಾಕುತ್ತೇನೆ.

ನಿನ್ನ ಮಗಳು
ಮಂಜುಶ್ರೀ