ಕೆಂಪು ದಾರದ ಆರು ಸಾಲು

ಡಿಸೆಂಬರ್ 9, 2024, ಸೋಮವಾರ

ಮೊಣಕಾಲು ಹಿಡಿದೇ ಇದೆ. ಚಹಾಕ್ಕೆ ಸಕ್ಕರೆ ಇಲ್ಲ. ಕೇಳಿದರೆ ಸೊಸೆ ನಿರ್ಮಲಾ, “ಡಾಕ್ಟರ್ ಬ್ಯಾಡ ಅಂದಾರ್ರಿ ಮಾವಾರ” ಎಂದಳು. ಕುಡಿಯುವವನು ನಾನೋ ಡಾಕ್ಟರೋ?

ಹೊಲಕ್ಕೆ ಹೋದೆ. ನಿರ್ಮಲಾ ಮೂವತ್ತು ಗುಂಟೆಗೆ ಬಿಳಿ ನೆಟ್ ಹೊದಿಸಿದ್ದಾಳೆ. ಒಳಗೆ ರಾಣೆಬೆನ್ನೂರಿನ ಬೀಜದ ಕಂಪನಿಯ ಬೆಳೆ, ದೊಣ್ಣ ಮೆಣಸಿನಕಾಯಿ. ಮಗ ಮನೋಹರ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿಗೆ ದುಡಿಯಲು ಹೋಗುತ್ತಾನೆ. ಹೊಲದ್ದೆಲ್ಲ ಇವಳದೇ ಕಾರಭಾರ. ಎಂಟು ಹೆಂಗಸರು, ಕೈಯಲ್ಲಿ ಚಿಮಟ. ಅರಳದ ಮೊಗ್ಗು ಬಿಡಿಸಿ ಒಳಗಿನ ಗಂಡು ಭಾಗ ಕಿತ್ತು ಒಗೆಯುತ್ತಾರೆ. ಬೇರೆ ಗಿಡದ ಹೂವಿನ ಪುಡಿ ತಂದು ಸವರುತ್ತಾರೆ. ಕ್ರಾಸಿಂಗ್ ಅಂತೆ. ಎಪ್ಪತ್ತಮೂರು ವರ್ಷಕ್ಕೆ ಇದನ್ನೂ ನೋಡಬೇಕಾಯಿತು — ಹೂವಿಗೆ ಮನುಷ್ಯರು ನಿಂತು ಲಗ್ನ ಮಾಡುವುದು. ದುಂಬಿಯನ್ನು ಒಳಗೆ ಬಿಡುವುದಿಲ್ಲವಂತೆ.

ಎಲ್ಲ ಮುಗಿಸಿ ತೊಟ್ಟಿಗೆ ಕೆಂಪು ಉಣ್ಣೆ ದಾರ ಸುತ್ತುತ್ತಾರೆ. ಅದೊಂದು ತಿಳಿಯಿತು. ಕೂಸಿನ ಸೊಂಟಕ್ಕೆ ಕಟ್ಟುವುದಿಲ್ಲವೇ, ದೃಷ್ಟಿ ದಾರ. ಕಪ್ಪಿನ ಬದಲು ಕೆಂಪು, ಅಷ್ಟೇ. ಕಂಪನಿ ಎಷ್ಟು ದೊಡ್ಡದಾದರೂ ಕೆಟ್ಟ ಕಣ್ಣಿಗೆ ಹೆದರುತ್ತದೆ. ನಿರ್ಮಲಾ ದಾರದ ವಿಷಯ ಏನೋ ಹೇಳಲು ಬಂದಳು. “ನಲವತ್ತು ವರ್ಷ ಮೆಣಸಿನಕಾಯಿ ಬೆಳದೇನಿ. ನನಗ ಕಲಸಾಕ ಬರಬ್ಯಾಡ” ಎಂದೆ. ದಾರದ ಉಂಡೆ ಎತ್ತಿಕೊಂಡು ಸಾಲಿನ ಕಡೆ ಹೋದಳು.

ಡಿಸೆಂಬರ್ 14, ಶನಿವಾರ

ಕಂಪನಿಯ ವೀರೇಂದ್ರ ಬೈಕಿನಲ್ಲಿ ಬಂದಿದ್ದ. ಜೇಬಿನಿಂದ ಬೀಜದ ಪಾಕೀಟು ತೆಗೆದು ತೋರಿಸಿದ. ಮೇಲೆ ಹಳದಿ ಕಾಯಿಯ ಚಿತ್ರ. ಅಕ್ಷರ ಕನ್ನಡವಲ್ಲ, ಇಂಗ್ಲಿಷೂ ಅಲ್ಲ.

“ಇದು ಯಾವ ಊರಿಂದು?”

“ಮೋಟೆಬೆನ್ನೂರಿಂದ, ಅಜ್ಜಾರ. ಹೋದ ವರ್ಷ ನಿಮ್ಮ ಊರಾಗ ಬೆಳದಿದ್ದು. ಪರದೇಶಕ್ಕ ಹೋಗತೈತಿ. ಅಲ್ಲಿ ಇದನ್ನ ಬಿತ್ತಿ, ಕಾಯಿ ಹಸೀದ ಕಡದು ತಿಂತಾರ.”

ನಗುತ್ತಾನೇನೋ ಎಂದು ಮುಖ ನೋಡಿದೆ. ನಗಲಿಲ್ಲ. ತೂಗಿ ಮಾರುವುದಿಲ್ಲವಂತೆ, ಕಾಳು ಎಣಿಸಿ ಮಾರುತ್ತಾರಂತೆ. ನಾವು ಬೀಜದ ಕಾಯಿಯನ್ನು ಬೂದಿಯಲ್ಲಿ ಹೊರಳಿಸಿ ಗಡಿಗೆಯಲ್ಲಿ ಇಡುತ್ತಿದ್ದೆವು. ನೆರೆಯವರು ಕೇಳಿದರೆ ಬೊಗಸೆ ತುಂಬ ಕೊಡುತ್ತಿದ್ದೆವು.

ಬ್ಯಾಡಗಿ ಮಾರುಕಟ್ಟೆ ಯಾರ್ಡಿನ ದಲಾಲರು ಎಲ್ಲರ ಚೀಲದಲ್ಲೂ ಮೊಣಕೈ ತನಕ ಕೈ ಇಳಿಸಿ ತಳದ ಕಾಯಿ ತೆಗೆದು ನೋಡುವರು. ನನ್ನ ಚೀಲಕ್ಕೆ ಕೈ ಹಾಕುತ್ತಿರಲಿಲ್ಲ, ನನ್ನ ಮಾತೇ ಸಾಕಿತ್ತು. ವೀರೇಂದ್ರನಿಗೆ ಹೇಳಿದೆ. ತಲೆಯಾಡಿಸಿ ಫೋನ್ ನೋಡಿದ.

ಜನವರಿ 8, 2025, ಬುಧವಾರ

ಫಕ್ಕೀರವ್ವನ ಮೇಲೆ ಹರಿಹಾಯ್ದೆ. ನಮ್ಮೂರವಳೇ, ಎಂಟು ಮಂದಿಯಲ್ಲಿ ಹಿರಿಯಳು. ನೆಟ್‌ನ ಬಾಗಿಲ ಬಳಿಯ ಆರು ಸಾಲು ಅವಳವು. ಗುಂಡಗೆ ಚೆಂದದ ಕಾಯಿಗಳನ್ನು ಕಿತ್ತು ಕಿತ್ತು ಬುಟ್ಟಿಗೆ ಒಗೆಯುತ್ತಿದ್ದಳು.

“ಯಾಕ ಒಗಿತಿ?”

“ದಾರ ಇಲ್ರಿ ಅದಕ್ಕ. ತಾನ ಆದ ಕಾಯಿ ಅದು. ನಡಿಯಂಗಿಲ್ಲ.”

“ತಾನ ಆದದ್ದು ನಡಿಯಂಗಿಲ್ಲ, ನೀ ಮಾಡಿದ್ದು ನಡಿತೈತಿ? ನೀ ಏನು ಬ್ರಹ್ಮನ ಹೆಂಡತೇನ?”

ಹೆಂಗಸರೆಲ್ಲ ನಕ್ಕರು. ಅವಳೂ ನಕ್ಕಳು. “ಕುಂದ್ರಿ ಅಜ್ಜಾರ, ಪೂರಾ ಹೇಳ್ತೇನಿ” ಎಂದಳು. ನಾನು ಕೂರಲಿಲ್ಲ. ಸೋಮಾರಿಗಳು. ದಾರ ಕಟ್ಟುವುದನ್ನು ಮರೆಯುವುದು, ಅದಕ್ಕೆ ದೃಷ್ಟಿ ತಾಗಿತೆಂದು ಆಮೇಲೆ ಕಿತ್ತು ಎಸೆಯುವುದು. ಫಲ ಕೊಟ್ಟ ಭೂಮಿಗೆ ಎಷ್ಟು ಸಂಕಟ.

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಲು ಬೇವಿನ ಗಿಡದ ಕೆಳಗೆ ಹೋದರು. ದಾರದ ಉಂಡೆ ಬಾಗಿಲಿಗೇ ತೂಗುಬಿದ್ದಿತ್ತು. ಫಕ್ಕೀರವ್ವನ ಆರು ಸಾಲಿನಲ್ಲಿ ದಾರವಿಲ್ಲದ ಹೀಚು ಹುಡುಕಿ ನಾನೇ ಕಟ್ಟಿದೆ. ಎರಡು ಸುತ್ತು, ಮೂರು ಗಂಟು. ಮೊಣಕಾಲು ಬಗ್ಗುವಷ್ಟು ಮಾಡಿದೆ.

ಜನವರಿ 29, ಬುಧವಾರ

ಆ ಆರು ಸಾಲಿನಲ್ಲಿ ದಾರ ಕಟ್ಟುವುದು ದಿನಾ ನಡೆದಿದೆ. ನಾನು ಕಟ್ಟಿದ ಒಂದನ್ನೂ ಹೆಂಗಸರು ಕೀಳಲಿಲ್ಲ. ಯಾರಿಗೂ ಹೇಳಿಲ್ಲ. ದೃಷ್ಟಿಗೆ ಕಟ್ಟಿದ್ದನ್ನು ಬಾಯಿಬಿಟ್ಟು ಹೇಳಿದರೆ ಫಲವಿಲ್ಲ ಎಂದು ಅವ್ವ ಹೇಳುತ್ತಿದ್ದಳು.

ಮಾರ್ಚ್ 6, ಗುರುವಾರ

ಕೊಯ್ಲು. ಕಾಯಿ ಸೀಳಿ ಬೀಜ ತೆಗೆಯುತ್ತಾರೆ. ಉಳಿದ ಕಾಯಿ? ಗುಂಡಿಗೆ. ಕೆಂಪಗೆ ತುಂಬಿದ ಗುಂಡಿ. ಒಂದು ಕಾಯಿ ಪಲ್ಯಕ್ಕೆಂದು ತೆಗೆದುಕೊಂಡೆ. “ಕಂಪನಿದು, ಮನಿಗೆ ಒಯ್ಯಂಗಿಲ್ರಿ” ಎಂದು ನಿರ್ಮಲಾ ಕೈಯಿಂದ ಕಸಿದುಕೊಂಡಳು. ನನ್ನ ಹೊಲದ ಕಾಯಿ ನನಗೇ ಇಲ್ಲ. ಹಿಂದೆಂದೂ ಹೀಗಾಗಿಲ್ಲ ನನಗೆ.

ಯಾರ ಸಾಲಿನ ಬೀಜ ಅವರ ಹೆಸರಿನ ಚೀಲಕ್ಕೆ. ಫಕ್ಕೀರವ್ವ ಒಂದು ತೊಟ್ಟು ಹಿಡಿದು ಬಹಳ ಹೊತ್ತು ನೋಡಿದಳು. “ಈ ಗಂಟು ನಂದಲ್ಲ” ಎಂದಳು. “ಕೈ ನಡಗಾಕತ್ತೇತಿ ನಿಂದು, ವಯಸ್ಸಾತು” ಎಂದೆ. ತೊಟ್ಟನ್ನು ಎಲೆ ಅಡಿಕೆಯ ಚೀಲದಲ್ಲಿ ಹಾಕಿಕೊಂಡಳು.

ಜುಲೈ 9, ಬುಧವಾರ

ನಾಲ್ಕು ತಿಂಗಳಿಂದ ಇದರಲ್ಲಿ ಬರೆದಿಲ್ಲ. ಇವತ್ತು ಬರೆಯದಿದ್ದರೆ ಎದೆ ಒಡೆಯುತ್ತದೆ.

ವೀರೇಂದ್ರ ಕರೆದನೆಂದು ನಿರ್ಮಲಾ ರಾಣೆಬೆನ್ನೂರಿಗೆ ಹೊರಟಳು. ಸುಮ್ಮನೆ ನಾನೂ ಬಸ್ ಹತ್ತಿದೆ. ಕಂಪನಿಯ ಹೊಲದಲ್ಲಿ ನಮ್ಮ ಎಂಟು ಚೀಲದ ಬೀಜವನ್ನು ಪರೀಕ್ಷೆಗೆಂದು ಎಂಟು ಪಟ್ಟಿ ಬಿತ್ತಿ ಬೆಳೆಸಿದ್ದಾರೆ. ಏಳು ಪಟ್ಟಿ ಬಾಚಿದ ತಲೆಯ ಹಾಗೆ ಒಂದೇ ಸಮ. ಎಂಟನೆಯದು — ಒಂದು ಗಿಡ ಎದೆಯುದ್ದ, ಒಂದು ಮೊಣಕಾಲುದ್ದ. ಮೋಟು ಗಿಡಕ್ಕೆಲ್ಲ ಬಿಳಿ ಚೀಟಿ ಅಂಟಿಸಿದ್ದರು. ಎಣಿಸಲು ಹೋಗಲಿಲ್ಲ.

“ಯಾವ ಹಲ್ಕಟ್ ಮಾಡಿದ್ದು ಇದನ್ನ?” ಎಂದೆ. ಹೌದು, ಹಾಗೆ ಕೇಳಿದವನು ನಾನೇ.

ವೀರೇಂದ್ರ ಹೇಳಿದ: “ಫಕ್ಕೀರವ್ವನ ಚೀಲ್ರಿ. ಮೋಟು ಗಿಡ ಎಲ್ಲಾ ತಾನ ಆದ ಕಾಯಿ ಬೀಜದ್ದು. ಪುಡಿ ಹಚ್ಚದನ ದಾರ ಕಟ್ಟ್ಯಾಳ. ಕೆಲಸ ತಪ್ಪಿಸಾಕ ಹಂಗ ಮಾಡ್ತಾರ್ರಿ ಕೆಲವ್ರು. ದಾರ ಅಂದ್ರ ಕ್ರಾಸಿಂಗ್ ಆಗೇತಿ ಅನ್ನೋ ಗುರುತು. ಅದನ್ನ ನೋಡೇ ನಾವು ಬೀಜ ತಗೋತೇವಿ.” ನನ್ನ ಮುಖ ನೋಡಿ ನಕ್ಕ. “ಅಜ್ಜಾರು ದೃಷ್ಟಿ ದಾರ ಅಂತ ತಿಳಕೊಂಡಿದ್ರೇನ ಮತ್ತ?”

ಅಲ್ಲಿದ್ದವರೆಲ್ಲ ನಕ್ಕರು. ಬದುವಿನ ಮೇಲೆ ಕುಳಿತುಬಿಟ್ಟೆ. ನಿರ್ಮಲಾ ನೀರಿನ ಬಾಟ್ಲಿ ಕೊಟ್ಟಳು, ಬಿಸಿಲಿಗೆ ಎಂದುಕೊಂಡು.

ಉಳಿದದ್ದೂ ಕೇಳಿಸಿತು. ಏಳು ಚೀಲ ಪಾಸ್. ಫಕ್ಕೀರವ್ವನನ್ನು ಕೆಲಸದಿಂದ ಬಿಡಿಸಿದರೆ ಬರುವ ವರ್ಷವೂ ನಿರ್ಮಲಾಗೆ ಬೆಳೆ ಕೊಡುತ್ತಾರೆ. ಫಕ್ಕೀರವ್ವನ ಹೆಸರನ್ನು ಸುತ್ತಲಿನ ಎಲ್ಲ ನೆಟ್‌ನವರಿಗೂ ತಿಳಿಸುತ್ತಾರೆ. ಅಂದರೆ ಇನ್ನು ಯಾರೂ ಅವಳನ್ನು ಕೆಲಸಕ್ಕೆ ಕರೆಯುವುದಿಲ್ಲ.

“ಹದಿನೈದು ವರ್ಷ ಕ್ರಾಸಿಂಗ್ ಮಾಡಿದ ಕೈರಿ ಅದು” ಎಂದಳು ನಿರ್ಮಲಾ. “ಅಕಿ ಹಂಗ ಮಾಡಾಕಿಲ್ಲ.”

“ಮನಿಯವರ ಕೈ ಇದ್ರ?” ಎಂದೆ.

“ಹಂಗಿದ್ರ ಆ ಮನಿಗೆ ಮತ್ತ ಬೀಜಾನ ಕೊಡಂಗಿಲ್ರಿ, ಅಜ್ಜಾರ” ಎಂದ ವೀರೇಂದ್ರ.

ಬಸ್ಸಿನಲ್ಲಿ ಮೋಟೆಬೆನ್ನೂರು ಬಂದದ್ದು ಗೊತ್ತಾಗಲಿಲ್ಲ.

ಜುಲೈ 12, ಶನಿವಾರ

ಫಕ್ಕೀರವ್ವ ಬಂದಿದ್ದಳು. ಕಟ್ಟೆಯ ಮೇಲೆ ಕೂರಲಿಲ್ಲ. ಎಲೆ ಅಡಿಕೆಯ ಚೀಲ ಬಿಚ್ಚಿ ಒಣಗಿದ ತೊಟ್ಟು ತೆಗೆದು ನಿರ್ಮಲಾಳ ಅಂಗೈಯಲ್ಲಿಟ್ಟಳು.

“ನೋಡ ತಂಗಿ. ನಾ ಎಡಚಿ. ನನ್ನ ದಾರ ಒಂದ ಸುತ್ತು, ಹಿಂಗ ಎಡಕ್ಕ ಬೀಳ್ತೈತಿ. ಇದು ಬಲಗೈದು. ಎರಡು ಸುತ್ತು, ಮೂರು ಗಂಟು. ಕೂಸಿಗೆ ಕಟ್ಟಿದಂಗ ಕಟ್ಟ್ಯಾರ. ಯಾರೋ ಹಳೇ ಮಂದಿ.”

ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ನನ್ನ ಬಾಯಿಂದ ಬಂದದ್ದು ಇದು: “ಸಿಕ್ಕಿಬಿದ್ದವರೆಲ್ಲಾ ಹಿಂಗ ಕತಿ ಕಟ್ತಾರ.”

ಅವಳು ಸೆರಗು ಸರಿಮಾಡಿಕೊಂಡಳು. “ಆಗ್ಲಿ ಬಿಡ್ರಿ ಅಜ್ಜಾರ” ಎಂದಳು. ಹೋದಳು.

ಸಿಟ್ಟು ಬರುವುದು ನನಗೆ ಹೊಸದಲ್ಲ. ಸುಳ್ಳು ಹೊಸದು. ಇಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಿರಲಿಲ್ಲ.

ಜುಲೈ 13, ಭಾನುವಾರ

ಬರೆಯಲು ಕೂತೆ. ಆಗಲಿಲ್ಲ.

ಜುಲೈ 14, ಸೋಮವಾರ, ಬೆಳಿಗ್ಗೆ 9.40

ವೀರೇಂದ್ರ ಹತ್ತಕ್ಕೆ ಬರುತ್ತಾನೆ, ಫಕ್ಕೀರವ್ವನನ್ನು ಬಿಡಿಸುವ ಕಾಗದ ತರುತ್ತಾನೆ. ಅವಳ ಎದುರಿಗೇ ಓದಿ ಸಹಿ ಮಾಡಿಸಬೇಕಂತೆ.

ಏಳು ಗಂಟೆಗೆ ನಿರ್ಮಲಾಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು, ತೆಗೆಯಲಿಲ್ಲ.

“ಎಷ್ಟು ಕಟ್ಟೀರಿ?”

“ಇಪ್ಪತ್ತು ದಿನ.”

“ನಾ ಹೇಳಾಕ ಬಂದಿದ್ದೆ, ಮಾವಾರ. ಮೊದಲನೇ ದಿನಾನ ಬಂದಿದ್ದೆ.”

ಬೈದಿದ್ದರೆ ಚಲೋ ಇತ್ತು. ಬೈಯಲಿಲ್ಲ. ನೆಟ್ ಕಟ್ಟಲು ಅವಳು ಆರು ತಿಂಗಳು ರಾಣೆಬೆನ್ನೂರಿಗೆ ಅಲೆದದ್ದು ನನಗೆ ಗೊತ್ತು. ಬೇಡವೆಂದು ಮನೆಯಲ್ಲಿ ಕೂಗಾಡಿದವನೂ ನಾನೇ. ಒಲೆ ಆರಿಸಿ, “ಬೆಳಿ ಹೋಗತೈತಿ” ಎಂದಳು. ಆಮೇಲೆ, “ಅಕಿ ಹೆಸರು ಹೋಗಬಾರದು.” ಅಷ್ಟೇ.

ಚಹಾ ಇಟ್ಟು ಹೋದಳು. ಸಕ್ಕರೆ ಹಾಕಿದ್ದಳು. ಮರೆತೋ, ಬೇಕಂತಲೋ. ಕುಡಿಯಲಾಗಲಿಲ್ಲ.

ಉಣ್ಣೆ ದಾರದ ತುಂಡು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಮಾತಿಗೆ ನಂಬದಿದ್ದರೆ ಅವನ ಮುಂದೆಯೇ ಕಟ್ಟಿ ತೋರಿಸುತ್ತೇನೆ. ಎರಡು ಸುತ್ತು, ಮೂರು ಗಂಟು. ನಲವತ್ತು ವರ್ಷ ಯಾರೂ ಕೈ ಹಾಕದ ಚೀಲ. ನಾನೇ ಹಾಕಬೇಕು, ತಳದ ತನಕ.

ಬೈಕಿನ ಸದ್ದು. ಫಕ್ಕೀರವ್ವ ಆಗಲೇ ಬಂದಿದ್ದಾಳೆ. ಅಂಗಳದಲ್ಲಿ ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ನಿಂತಿದ್ದಾಳೆ. ಒಳಗೆ ಕರೆಯಬೇಕು. ಮೊದಲು ಕೂಡ್ರಿಸಬೇಕು. ದಾರ ಕಟ್ಟಿದವನು ನಾನು ಎಂಬ ಮಾತು ಅವಳು ನಿಂತಿರುವಾಗ ಅಲ್ಲ, ಕೂತ ಮೇಲೆ, ಎಲ್ಲರ ಎದುರಿಗೆ —