ಕಂದೀಲಿನ ಬತ್ತಿ ಏರಿಸಿದ್ದು ಯಾರು?

ಅತ್ತೆ,

ಅಣ್ಣ ಕಲಿಸಿದ ಅಕ್ಷರಗಳಲ್ಲೇ ನಿಮಗೆ ಬರೆಯುತ್ತಿದ್ದೇನೆ. ಅವನ ಹೆಸರು ಬಂತೆಂದು ಕಾಗದ ಮಡಚಿಡಬೇಡಿ. ನೀವು ತೀರಿಹೋಗಿ ಆರು ತಿಂಗಳಾಯಿತು, ನಮ್ಮ ಜಗಳ ಮಾತ್ರ ನನ್ನಲ್ಲಿ ಇನ್ನೂ ಮುಗಿದಿಲ್ಲ.

ನಾನು ಈ ಹುಮನಾಬಾದಿನ ಮನೆಗೆ ಸೊಸೆಯಾಗಿ ಬಂದ ವರ್ಷ ನೆನಪಿದೆಯೇ? ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಆರಪಾರ ಗೂಡು ಕೊರೆಸಿ, ಒಂದೇ ಕಂದೀಲಿನಿಂದ ಎರಡೂ ಕಡೆ ಬೆಳಕು ಮಾಡಿದ್ದಿರಿ. ಹೊತ್ತು ಮುಳುಗುವ ಮೊದಲೇ ಊಟ. ಗಾಜಿಗೆ ದಿನಾ ಬೂದಿ ಹಚ್ಚಿ ಒರೆಸಬೇಕು. ಕೆಲಸ ಮುಗಿಸಿ ಹರಟೆಗೆ ಕುಳಿತರೆ ಉಫ್ ಎಂದು ದೀಪ ಆರಿಸಿ, “ಮಾತಾಡಾಕ ಬೆಳಕ ಯಾಕ ಬೇಕ?” ಅನ್ನುತ್ತಿದ್ದಿರಿ. ಜಿಪುಣಿ ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಆದರೆ ಯುದ್ಧ ಶುರುವಾಗಿ ಚಿಮಣಿ ಎಣ್ಣೆ ಸಿಗದಾದಾಗ ಓಣಿಯಲ್ಲಿ ದೀಪ ತಪ್ಪದ ಮನೆ ನಮ್ಮದೊಂದೇ.

ಆಮೇಲೆ ಡಬ್ಬಿಯ ಎಣ್ಣೆ ಬೇಗಬೇಗ ಇಳಿಯತೊಡಗಿತು. ನೀವು ತೊಗರಿ ಕಟ್ಟಿಗೆಯೊಂದನ್ನು ಅದ್ದಿ, ಒದ್ದೆಯಾದಷ್ಟಕ್ಕೆ ಕುಡುಗೋಲಿನಿಂದ ಗೀರು ಹಾಕಿದಿರಿ. ದಿನಾ ಅದ್ದುವುದು, ಬೆರಳಿನಿಂದ ಸವರಿ ನೋಡುವುದು. ಕಣ್ಣಿದ್ದೂ ಬೆರಳೇಕೆ ಎಂದು ನನಗೆ ಹೊಳೆಯಲೇ ಇಲ್ಲವಲ್ಲ! ನನಗೂ ನಿಮ್ಮ ಮೇಲೆ ಗುಮಾನಿ. ಚಿಟಗುಪ್ಪದ ಮಗಳಿಗೆ ಕದ್ದು ಕಳಿಸುತ್ತೀರೆಂದು, ಅದೇ ಕಟ್ಟಿಗೆಯ ಹಿಂಬದಿಗೆ ನಾನೂ ಗುಟ್ಟಾಗಿ ಗೀರು ಹಾಕುತ್ತಿದ್ದೆ.

ಪಂಚಮಿಗೆಂದು ನನ್ನನ್ನು ಕರೆದೊಯ್ಯಲು ಅಣ್ಣ ದುಬಲಗುಂಡಿಯಿಂದ ಬಂದ ದಿನ... ಅವನ ಚೀಲ ನೀವೇ ಬಿಚ್ಚಿ ಮೂಸಿದಿರಿ. ಅದರಲ್ಲಿದ್ದದ್ದು ಅವ್ವ ಕಳಿಸಿದ ಉಂಡಿ. ಆದರೂ ನನ್ನ ಕಡೆ ತಿರುಗಿ, “ಎಣ್ಣಿ ತವರಿಗಿ ಹೋಗಾಕತ್ತದ. ನಿನ್ನ ಮಾರಿ ನೋಡಿದ್ರನ ತಿಳೀತದ, ಕಳ್ಳಿ,” ಎಂದಿರಿ. ಅಣ್ಣ ನನ್ನನ್ನೂ ಕರೆಯದೆ ತಿರುಗಿ ಹೋದ. ಆಮೇಲೆ ಎರಡು ಪಂಚಮಿ ಕಳೆದವು, ಅವನು ಹೊಸ್ತಿಲು ತುಳಿಯಲಿಲ್ಲ. ತವರಿಲ್ಲದ ಪಂಚಮಿ ಹೇಗಿರುತ್ತದೆಂದು ನಿಮಗೆ...

ನೀವು ಹೋದ ಮೇಲೆ ಎಣ್ಣೆ ಮತ್ತೆ ಮೊದಲಿನಷ್ಟೇ ದಿನ ಬಂತು. ಕಳ್ಳಿ ನೀವೇ ಎಂಬುದು ಖಾತ್ರಿಯಾಯಿತೆಂದು ಬೀಗಿದೆ. ಮೊನ್ನೆ ಪಕ್ಕದ ಮನೆಯ ನಿಮ್ಮ ಗೆಳತಿ ಮೆಹಬೂಬಿ ಕೆಂಡ ಕೇಳಲು ಬಂದಾಗ ಅದನ್ನೇ ಹೇಳಿದೆ. ಆಕೆ ಕೆಂಡದ ಬಟ್ಟಲು ಕೆಳಗಿಟ್ಟು ಹೇಳಿದಳು:

“ಮೂರ ವರ್ಷದಿಂದ ಆಕಿ ಕಣ್ಣಿಗಿ ಪೊರಿ ಬಂದು ಬರೇ ನೆರಳ ಕಾಣತಿತ್ತವ್ವ. ಕಂದೀಲ ಮಬ್ಬಾಗ್ಯದಂತ ತಾನೇ ಬತ್ತಿ ಏರಸ್ತಿದ್ಳು. ಸೊಸಿಗಿ ಗೊತ್ತಾದ್ರ ಸೊಂಟದ ಕೀಲಿಕೈ ಹೋಗತದಂತ ನನ್ನಿಂದ ಆಣಿ ಮಾಡಿಸ್ಕೊಂಡಿದ್ಳು.”

ಅದಕ್ಕೇ ಗಾಜು ಅಷ್ಟು ಮಸಿ ಹಿಡಿಯುತ್ತಿತ್ತು. ಬತ್ತಿ ಏರಿಸಿದಷ್ಟೂ ಎಣ್ಣೆ ಸುಟ್ಟು, ಮಸಿ ಕಟ್ಟಿ, ಬೆಳಕು ಕಡಿಮೆ. ನೀವು ಮತ್ತಷ್ಟು ಏರಿಸುವುದು. ನನಗೆ ಹೇಳಿದ್ದರೆ ಕೈಹಿಡಿದು ನಡೆಸುತ್ತಿದ್ದೆ, ಕೀಲಿಕೈ ಕಸಿಯುತ್ತಿರಲಿಲ್ಲ. ಇಲ್ಲ, ನಿಮ್ಮ ಮುಂದೆ ಸುಳ್ಳೇಕೆ? ಕಸಿಯುತ್ತಿದ್ದೆನೋ ಏನೋ.

ಆ ಕಟ್ಟಿಗೆಯನ್ನು ಒಲೆಗೆ ಹಾಕಿದೆ. ನಿಮ್ಮ ಮಗಳಿಗೂ ನನ್ನ ಗೀರಿನ ವಿಷಯ ಹೇಳಿ ತಪ್ಪೊಪ್ಪಿಕೊಳ್ಳುತ್ತೇನೆ, ಇದು ನನ್ನ ಮಾತು. ಅಣ್ಣನಿಗೆ ಎಲ್ಲ ತಿಳಿಸಿ ಹೇಳಿ ಕಳಿಸಿದ್ದೆ. ಈ ಪಂಚಮಿಗೆ ಬರುತ್ತಾನಂತೆ. ಒಂದು ಸಂಗತಿ ಮಾತ್ರ ಎದೆಯಿಂದ ಇಳಿಯುತ್ತಿಲ್ಲ. ಕಳ್ಳಿ ಎಂದ ದಿನ ನಾನು ನಿಮ್ಮೆದುರೇ ಅಳುತ್ತ ನಿಂತಿದ್ದೆ, ಅತ್ತೆ. ನನ್ನ ಮುಖ ನಿಮಗೆ ಕಾಣುತ್ತಲೇ ಇರಲಿಲ್ಲ.