ಎದುರುತ್ತರವಿಲ್ಲದ ಸೋಮವಾರ

ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ನಿಮ್ಮ ಮಗನೂ ನಾನೂ ಬೇರೆ ಮನೆ ಮಾಡಿದಾಗಿನಿಂದ ನೀವು ನನ್ನೊಡನೆ ಮಾತು ಬಿಟ್ಟಿದ್ದೀರಿ. ಆದರೂ ಒಂದು ಉಪಕಾರ ಕೇಳುತ್ತಿದ್ದೇನೆ.

ಆಸ್ಪತ್ರೆಗೆ ಬಂದವರು ತಾವೇ ಚೀಟಿ ಪಡೆಯಲು ಒಂದು ಯಂತ್ರ ಬರುತ್ತಿದೆ. ಅದರ ಪರದೆಯ ಮುಂದೆ ಜನ ಎಲ್ಲಿ ತಡವರಿಸುತ್ತಾರೆ ಎಂದು ನೋಡುವುದೇ ನನ್ನ ಸಂಶೋಧನೆ. ಅದನ್ನು ಪರೀಕ್ಷಿಸಿ ನೋಡಲು ಬಂದವರೆಲ್ಲ ಒದ್ದಾಡಿ ಸುಸ್ತಾಗಿ, ಕೊನೆಗೆ ನನ್ನ ಮುಖ ನೋಡಿ, “ತುಂಬಾ ಚೆನ್ನಾಗಿದೆಯಮ್ಮಾ” ಎಂದು ಎದ್ದು ಹೋಗುತ್ತಾರೆ. ಈ ದಾಕ್ಷಿಣ್ಯ ಕಟ್ಟಿಕೊಂಡು ನಾನೇನು ಮಾಡಲಿ? ನನ್ನ ಅಡುಗೆಯನ್ನು ಮೊದಲ ತುತ್ತಿಗೇ “ಬಾಯಿಗಿಡೋ ಹಾಗಿಲ್ಲ” ಎಂದವರು ನೀವೊಬ್ಬರೇ.

ಸೋಮವಾರ ನಮ್ಮ ಕಚೇರಿಗೆ ಬಂದು ಆ ಯಂತ್ರ ಬಳಸಿ ನೋಡಿ. ಓದುವ ಕನ್ನಡಕ ಮರೆಯಬೇಡಿ. ಅಕ್ಷರ ಸಣ್ಣದು, ಅದನ್ನೂ ಬೈಯಬಹುದು. ಪರದೆ ಮುಟ್ಟುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ನಾನು ಪಕ್ಕದಲ್ಲೇ ಕೂತಿರುತ್ತೇನೆ, ಆದರೆ ತುಟಿಪಿಟಕ್ಕೆನ್ನುವಂತಿಲ್ಲ. ಅದು ನಮ್ಮ ಕೆಲಸದ ನಿಯಮ. “ಒಂದಕ್ಕೆ ಎರಡು ಮಾತಾಡ್ತಾಳೆ” ಎನ್ನುತ್ತಿದ್ದಿರಲ್ಲ, ಅವತ್ತು ನೋಡುವಿರಂತೆ.

ಯಂತ್ರದ ಕೆಲಸ ಮುಗಿದ ಕೂಡಲೇ ಏಳಬೇಡಿ. ನನ್ನ ಬಗ್ಗೆ ಹೇಳುವುದು ಏನಾದರೂ ಉಳಿದಿದ್ದರೆ ಅದನ್ನೂ ಹೇಳಿಬಿಡಿ.

ಆ ನಿಯಮ ಆಗಲೂ ಇರುತ್ತದೆ.

ಬಾಗಿಲಲ್ಲೇ ಕಾಯುತ್ತಿರುವ,
ಸೊಸೆ